ಎಡೆಕೊಟ್ಟ ನೆಲದ ಹಬ್ಬ

ಡಿಸೆಂಬರ್ 3ರಂದು ಕುಮಟೆಗೂ ಹೊನ್ನಾವರಕ್ಕೂ ನಡುವಣ ಚಂದಾವರದಲ್ಲಿ ಸೇರುವ ಜನಸ್ತೋಮವನ್ನು ಕಂಡವರಿಗೆ, ಅದು ಯಾವ ಮತಸ್ಥರ ಜಾತ್ರೆಯೆಂದು ಮೊದಲ ನೋಟಕ್ಕೇ ನಿರ್ಣಯಿಸುವುದು ಸುಲಭವಾಗಲಾರದು. ಸಂತ ಫ್ರಾನ್ಸಿಸ್ ಝೇವಿಯರರ ಹೆಸರಿನ ಇಗರ್ಜಿಯ ವಾರ್ಷಿಕ ಹಬ್ಬವದು. ಆದರೆ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತವರೊಳಗೆ ಕ್ರೈಸ್ತರಲ್ಲದವರೂ ಹೇರಳವಾಗಿರುತ್ತಾರೆ. ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದು, ಹುಲ್ಲು ಬಣವೆಯೇರಿ, ಬೆಳಗಿನ ಜಾವದ ಮಂಜು ಶರಾವತಿಯ ಅಳಿವೆಯ ಮೇಲೆ ಹರಡುವ ಆ ದಿನಗಳಿಂದ ತೊಡಗಿ, 25ನೆಯ ತಾರೀಖಿನ ಕ್ರಿಸ್ತಜಯಂತಿಯು ಮುಗಿಯುವವರೆಗೆ, ಭಟ್ಕಳ, ಹೊನ್ನಾವರ, ಕುಮಟೆಗಳ ಕ್ರೈಸ್ತ ಕೇರಿಗಳಲ್ಲಿ ಹಬ್ಬದ ಸಂಭ್ರಮವು ದಿನದಿನಕ್ಕೂ ಏರುತ್ತ ಹೋಗುತ್ತದೆ.

ಈ ಹಬ್ಬದ ಮೂಲಕಥೆಯನ್ನು ಮತಭೇದವಿಲ್ಲದೆ ಎಲ್ಲರೂ ಬಲ್ಲರು. ಜನಗಣತಿಗಾಗಿ ಊರು ಬಿಟ್ಟು ಬಂದ ದಂಪತಿಗಳು, ತುಂಬುಗರ್ಭಿಣಿ, ಛತ್ರದಲ್ಲಿ ಎಡೆಯಿಲ್ಲ. ಕಡೆಗೆ ದನಗಳ ಗೋದಲಿಯೇ ಶಿಶುವಿಗೆ ತೊಟ್ಟಿಲಾಯಿತು. ಕ್ರೈಸ್ತಜಗತ್ತಿನ ಅತ್ಯಂತ ಸಂಭ್ರಮದ ಹಬ್ಬವು ಪರಸ್ಥಳದಲ್ಲಿ ಎಡೆ ಬೇಡಿದವರ ಕಥೆಯಿಂದ ಹುಟ್ಟಿತೆಂಬುದನ್ನು ನೆನೆದರೆ, ತನ್ನ ನಾಡನ್ನೂ ನುಡಿಯನ್ನೂ ತೊರೆದು ಧರ್ಮಪ್ರಚಾರಕ್ಕೆಂದು ಹೊರಟ ಪಾದ್ರಿಯೊಬ್ಬನು ಪರದೇಶದಲ್ಲಿ ಆಚರಿಸುವ ಕ್ರಿಸ್ತಜಯಂತಿಗೆ ಒಂದು ವಿಶೇಷವಾದ ಅರ್ಥವುಂಟೆಂದು ಹೇಳಬಹುದು. ಅಂಥವನ ಹಬ್ಬವು ಅವನ ಭಕ್ತಿಯೊಂದರಿಂದಲೇ ಸಿದ್ಧಿಸುವುದಲ್ಲ. ನೆಲದ ಒಡೆಯನು ಎಡೆ ಕೊಟ್ಟನೋ ಇಲ್ಲವೋ ಎಂಬುದರ ಮೇಲೆ ಅದರ ಉಳಿವು ನಿಂತಿರುತ್ತದೆ. ಈ ಮಾತಿಗೆ ನಮ್ಮ ಕರಾವಳಿಯೇ ಒದಗಿಸುವ ನಿದರ್ಶನವೆಂದರೆ, ಗೋವೆಯಲ್ಲಿ ಹುಟ್ಟಿ, ಕನ್ನಡ ಸೀಮೆಯಲ್ಲಿ ಪಳಗಿ, ಸಿಂಹಳದಲ್ಲಿ ದೇಹವಿಟ್ಟ ಸಂತ ಜೋಸೆಫ್ ವಾಜರ ಜೀವಿತ.

ಕೋಟೆ ಹೋಗಿ ಇಗರ್ಜಿ ಬಂದುದು

ಹದಿನಾರು ಹದಿನೇಳನೆಯ ಶತಮಾನಗಳ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ವಿಜಯನಗರಕ್ಕೆ ಕುದುರೆಗಳನ್ನು ತಂದಿಳಿಸುತ್ತಿದ್ದ ಭಟ್ಕಳದ ಬಂದರನ್ನು 1542ರಲ್ಲಿ ಪೋರ್ಚುಗೀಸರು ಸುಟ್ಟರು. ಮೆಣಸಿನ ರಾಣಿಯೆಂದು ಖ್ಯಾತಳಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದಲ್ಲಿಯೇ ಅವರು ಹೊನ್ನಾವರವನ್ನು ಹಿಡಿದು ಕೋಟೆ ಕಟ್ಟಿಕೊಂಡರು. ಬಂದೂಕಿನ ಬೆಂಬಲದಿಂದ ಬಂದ ಆ ಧರ್ಮವು ಕೋಟೆಯ ಗೋಡೆಗಳೊಳಗೆ ಎಷ್ಟು ಭದ್ರವಾಗಿದ್ದಿತೋ ಹೊರಗೆ ಅಷ್ಟೇ ಅನ್ಯವಾಗಿದ್ದಿತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಗಂಗೊಳ್ಳಿ, ಮಂಗಳೂರುಗಳ ಕೋಟೆಗಳನ್ನು ಒಂದೊಂದಾಗಿ ಕಸಿದುಕೊಂಡಾಗ, ಫಿರಂಗಿಗಳ ಅಧಿಕಾರದೊಡನೆ ಪಾದ್ರಿಗಳ ಆಸರೆಯೂ ತಪ್ಪಿಹೋಯಿತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದು ಗೆದ್ದವರ ಸೋತವರ ಸಾಮಾನ್ಯ ವೃತ್ತಾಂತವಾಗುತ್ತಿದ್ದಿತು. ಆದರೆ 1678ರಲ್ಲಿ, ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, ಆಕೆಯ ದತ್ತುಪುತ್ರ ಬಸವಪ್ಪನಾಯಕನ ಹೆಸರಿನಲ್ಲಿ ಗೋವೆಯವರೊಡನೆ ಆದ ಒಡಂಬಡಿಕೆಯು, ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ ಹಾಗೂ ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಕಟ್ಟಿಕೊಳ್ಳಲು ಅವರಿಗೆ ಅನುಮತಿಯನ್ನಿತ್ತಿತು. ಕೋಟೆಯನ್ನು ಕಸಿದುಕೊಂಡ ಮನೆತನವೇ, ಆ ತಲೆಮಾರು ಕಳೆಯುವುದರೊಳಗಾಗಿ, ಪೂಜಾಸ್ಥಳಕ್ಕೆ ನೆಲವನ್ನು ಬಿಟ್ಟುಕೊಟ್ಟಿತು. ಇದರಲ್ಲಿ ಔದಾರ್ಯದೊಡನೆ ರಾಜನೀತಿಯೂ ಬೆರೆತಿದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಗೋವೆಗೆ ಕನ್ನಡ ಕರಾವಳಿಯ ಅಕ್ಕಿ ಬೇಕಾಗಿದ್ದಿತು, ಕೆಳದಿಗೆ ಅಕ್ಕಿ ಮೆಣಸುಗಳ ಮಾರಾಟ ಬೇಕಾಗಿದ್ದಿತು. ಗೋವೆಯ ಧರ್ಮವಿಚಾರಣೆಯ ಉಪದ್ರವಕ್ಕೂ, ಕ್ಷಾಮ ಯುದ್ಧಗಳಿಗೂ ಬೇಸತ್ತು ದಕ್ಷಿಣಕ್ಕೆ ವಲಸೆ ಬಂದಿದ್ದ ಕೊಂಕಣಿ ಕ್ರೈಸ್ತರು ಬೇಸಾಯದಲ್ಲಿ ನಿಪುಣರಾಗಿದ್ದರು. ಬೀಳುಬಿದ್ದ ನೆಲವನ್ನು ಗದ್ದೆಯಾಗಿಸಬಲ್ಲ ಇಂಥ ಒಕ್ಕಲನ್ನು ಯಾವ ಬುದ್ಧಿವಂತ ಪ್ರಭುವೂ ದೂರವಿಡಲಾರನು. ಆದರೂ, ವೀರಶೈವ ಮನೆತನವೊಂದು ತನ್ನ ಒಕ್ಕಲ ದೇವರಿಗೂ ಎಡೆಯಿರಲೆಂದು ಲಿಖಿತವಾಗಿ ಒಪ್ಪಿದುದು, ಹೊಗಳಿಕೆಗೆ ಪಾತ್ರವಾದ ವಿಷಯವೆಂಬುದರಲ್ಲಿ ಸಂಶಯವಿಲ್ಲ.

ಬರಿಗಾಲಿನ ಪಾದ್ರಿ

ಈ ಒಡಂಬಡಿಕೆಯಾದ ಮೂರನೆಯ ವರ್ಷ, ಅಂದರೆ 1681ರಲ್ಲಿ, ಜೋಸೆಫ್ ವಾಜರು ಕನ್ನಡ ಸೀಮೆಯ ಕ್ರೈಸ್ತರ ಮೇಲ್ವಿಚಾರಕರಾಗಿ ಗೋವೆಯಿಂದ ಬಂದರು. ಅವರು 1651ರ ಏಪ್ರಿಲ್ 21ರಂದು ಸಾಷ್ಟಿಯ ಬಾಣಾವಳಿಯಲ್ಲಿ ಹುಟ್ಟಿದವರು. ತಂದೆಯ ಊರು ಸಾಂಕವಾಳ. ಪೋರ್ಚುಗೀಸ್, ಲ್ಯಾಟಿನ್ ಭಾಷೆಗಳನ್ನೂ ದೈವಶಾಸ್ತ್ರವನ್ನೂ ಓದಿ 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ, ತಾನು ದೇವಮಾತೆಯ ದಾಸನೆಂದು ತಮ್ಮ ಕೈಯಾರೆ ಪತ್ರವೊಂದನ್ನು ಬರೆದು ಸಹಿ ಹಾಕಿದರು. ಬಡವರಂತೆ ಬರಿಗಾಲಿನಲ್ಲಿ ನಡೆಯುವುದನ್ನು ವ್ರತವಾಗಿ ಹಿಡಿದ ಈ ಕೊಂಕಣಿ ಪಾದ್ರಿಗೆ ಕನ್ನಡ ಕರಾವಳಿಯು ಸಮುದ್ರದಾಚೆಯ ವಿದೇಶವಲ್ಲದಿದ್ದರೂ, ಆಳ್ವಿಕೆಯಿಂದ ಪರರಾಜ್ಯವೇ ಆಗಿದ್ದಿತು. ಅಲ್ಲಿ ಪೋರ್ಚುಗೀಸ್ ದೊರೆಯ ಮುದ್ರೆಗೆ ಬೆಲೆಯಿರಲಿಲ್ಲ. ಬೆಲೆಯಿದ್ದುದು ಕೆಳದಿಯ ನಿರೂಪಕ್ಕೆ.

ಅವರು ಬಂದಾಗ ಇಲ್ಲಿಯ ಕ್ರೈಸ್ತರು ಒಳಗೊಳಗೇ ಒಡೆದಿದ್ದರು. ಪೋರ್ಚುಗಲ್ಲಿನ ಅರಸನ ಪೋಷಕಾಧಿಕಾರಕ್ಕೆ ಸೇರಿದ ಗೋವೆಯ ಮಹಾಧರ್ಮಾಧ್ಯಕ್ಷರನ್ನು ಅನುಸರಿಸಬೇಕೋ, ರೋಮಿನಿಂದ ನೇರವಾಗಿ ನಿಯುಕ್ತರಾಗಿ ಬಂದ ಬಿಷಪ್ ಥಾಮಸ್ ದೆ ಕಾಸ್ತ್ರೋ ಅವರನ್ನು ಅನುಸರಿಸಬೇಕೋ ಎಂಬುದು ಅಂದಿನ ವ್ಯಾಜ್ಯ. ಒಬ್ಬರ ಕಡೆಯ ಪಾದ್ರಿ ನೀಡಿದ ಸಂಸ್ಕಾರವು ಸಿಂಧುವಲ್ಲವೆಂದು ಮತ್ತೊಬ್ಬರ ಕಡೆಯವರು ಹೇಳುವಷ್ಟರ ಮಟ್ಟಿಗೆ ಅದು ಬೆಳೆದಿದ್ದಿತು. ವಾಜರು ಈ ಕಲಹವನ್ನು ಶಮನಗೊಳಿಸಲು ಶ್ರಮಿಸುತ್ತ, ಪಾಳುಬಿದ್ದ ಇಗರ್ಜಿಗಳನ್ನು ಎತ್ತಿಕಟ್ಟಿಸುತ್ತ, ಮಕ್ಕಳಿಗೆ ಶಾಲೆಗಳನ್ನು ತೆರೆಯುತ್ತ, ಪಾದ್ರಿಯಿಲ್ಲದ ದಿನಗಳಲ್ಲಿಯೂ ಜನರು ತಾವಾಗಿಯೇ ಪ್ರಾರ್ಥನೆ ನಡೆಸಿಕೊಂಡು ಹೋಗುವಂತೆ ಭಕ್ತಸಂಘಗಳನ್ನು ಕಟ್ಟುತ್ತ, 1684ರವರೆಗೆ ಈ ತೀರದಲ್ಲಿ ಸಂಚರಿಸಿದರು. ಇಂದಿಗೂ ಗಂಗೊಳ್ಳಿಯಲ್ಲಿ, ಮಂಗಳೂರಿನಾಚೆಯ ಮುಡಿಪು ಗುಡ್ಡದಲ್ಲಿ ಅವರ ಹೆಸರಿನ ಐತಿಹ್ಯಗಳು ಜೀವಂತವಾಗಿವೆ.

ಅಂದಿನ ಕ್ರಿಸ್ತಜಯಂತಿ ಹೇಗಿದ್ದಿರಬಹುದೆಂದು ಊಹಿಸುವುದಕ್ಕೆ, ಆ ಪೂಜೆಗೆ ಅನಿವಾರ್ಯವಾದ ವಸ್ತುಗಳನ್ನು ಎಣಿಸಿದರೆ ಸಾಕು. ರೋಮನ್ ವಿಧಿಯಂತೆ ಆ ಹಬ್ಬಕ್ಕೆ ಮೂರು ಬಲಿಪೂಜೆಗಳುಂಟು: ನಡುರಾತ್ರಿಯಲ್ಲೊಂದು, ಅರುಣೋದಯದಲ್ಲೊಂದು, ಹಗಲಿನಲ್ಲೊಂದು. ಮೂರಕ್ಕೂ ಗೋಧಿಯ ರೊಟ್ಟಿಯೇ ಆಗಬೇಕು, ದ್ರಾಕ್ಷಿಯ ರಸವೇ ಆಗಬೇಕು. ಭತ್ತವನ್ನುಳಿದು ಬೇರೆ ಧಾನ್ಯವನ್ನು ಹೆಚ್ಚಾಗಿ ಕಾಣದ, ದ್ರಾಕ್ಷಿಯ ಬಳ್ಳಿಯೇ ಇಲ್ಲದ ಈ ನೆಲದಲ್ಲಿ, ಪಾದ್ರಿಯು ಹೆಗಲಿಗೆ ಹಾಕಿಕೊಂಡು ಬರಬೇಕಾಗಿದ್ದುದು ಇವೆರಡನ್ನು, ಒಂದು ಪಾನಪಾತ್ರೆಯನ್ನು, ಪೂಜಾವಸ್ತ್ರವನ್ನು. ಮಿಕ್ಕುದೆಲ್ಲವೂ ಸ್ಥಳದಲ್ಲಿಯೇ ದೊರೆಯಬೇಕು: ದೀಪಕ್ಕೆ ಎಣ್ಣೆ, ಚಪ್ಪರಕ್ಕೆ ತೆಂಗಿನ ಗರಿ, ಗೋದಲಿಗೆ ಹೊಸ ಕೊಯ್ಲಿನ ಹುಲ್ಲು. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ನಿಜವಾದ ಹುಲ್ಲನ್ನೂ ದನಗಳನ್ನೂ ಇರಿಸಿ ತೋರಿದ ಆ ದೃಶ್ಯವು, ಚಳಿಗಾಲದ ಯೂರೋಪಿನಲ್ಲಿ ಪ್ರಯತ್ನಪೂರ್ವಕವಾಗಿ ಕಟ್ಟಬೇಕಾದ ದೃಶ್ಯವಾದರೆ, ಹೊನ್ನಾವರದ ಒಕ್ಕಲಿನ ಮನೆಯಲ್ಲಿ ಕೊಟ್ಟಿಗೆಯ ಬಾಗಿಲನ್ನು ತೆರೆದರೆ ಸಾಕಾಗಿದ್ದಿತು.

ಜಾಫ್ನಾದ ಒಂದು ರಾತ್ರಿ

ಗೋವೆಗೆ ಮರಳಿದ ವಾಜರು ಅಲ್ಲಿಯ ಕೆಲವು ಸ್ಥಳೀಯ ಪಾದ್ರಿಗಳೊಡನೆ ಸೇರಿ 1685ರಲ್ಲಿ ಸಂತ ಫಿಲಿಪ್ ನೇರಿಯ ಪದ್ಧತಿಯ ಸಂಘವೊಂದನ್ನು ರೂಪಿಸಿದರು. ಫಿರಂಗಿಗಳ ಮಠಗಳಲ್ಲಿ ಭಾರತೀಯರಿಗೆ ಸಮಾನ ಸ್ಥಾನವಿಲ್ಲದಿದ್ದ ಕಾಲದಲ್ಲಿ, ಭಾರತೀಯರೇ ನಡೆಸಿದ ಸಂಘವದು. ಮರುವರ್ಷವೇ ಅವರು ಮತ್ತೆ ಕನ್ನಡ ಕರಾವಳಿಯನ್ನು ಹಾದು, ತಲಚೇರಿ, ಕೊಲ್ಲಂಗಳ ಮಾರ್ಗವಾಗಿ ತೂತುಕುಡಿಗೆ ನಡೆದು, ಕೂಲಿಯಾಳಿನ ವೇಷದಲ್ಲಿ, ಜಾನ್ ಎಂಬ ಒಬ್ಬ ನಿಷ್ಠಾವಂತ ತರುಣನೊಡನೆ ದೋಣಿ ಹತ್ತಿ, 1687ರಲ್ಲಿ ಜಾಫ್ನಾದ ದಡವನ್ನು ಸೇರಿದರು.

ವೇಷವೇಕೆ ಬೇಕಾಯಿತೆಂದರೆ, ಸಿಂಹಳದ ಕರಾವಳಿಯನ್ನು ಪೋರ್ಚುಗೀಸರಿಂದ ಗೆದ್ದುಕೊಂಡಿದ್ದ ಡಚ್ಚರು ಕ್ಯಾಥೊಲಿಕ್ ಪಾದ್ರಿಗಳಿಗೆ ಆಶ್ರಯ ಕೊಡುವುದನ್ನು ಘೋರ ಶಿಕ್ಷೆಗೆ ಗುರಿಯಾದ ಅಪರಾಧವೆಂದು ಸಾರಿದ್ದರು. ದಡ ಸೇರಿದೊಡನೆ ವಾಜರು ಅತಿಸಾರಕ್ಕೆ ಸಿಕ್ಕಿ ಸಾಯುವಂತಾದರು. ದಯಾವಂತೆಯಾದ ಒಬ್ಬ ಹೆಂಗಸಿನ ಅನ್ನದಿಂದ ಬದುಕಿಕೊಂಡರು. ಆ ಬಳಿಕ ಕೊರಳಲ್ಲಿ ಜಪಸರವನ್ನು ಧರಿಸಿ ಮನೆಮನೆಯ ಮುಂದೆ ಭಿಕ್ಷೆಗೆ ನಿಂತು, ಆ ಸರವನ್ನು ಕಂಡು ಯಾರ ಮುಖದಲ್ಲಿ ಪರಿಚಯದ ಭಾವ ಮೂಡುವುದೋ ಅವರು ಗುಪ್ತ ಕ್ಯಾಥೊಲಿಕರೆಂದು ತಿಳಿದುಕೊಳ್ಳುತ್ತಿದ್ದರು. ರಾತ್ರಿಯಲ್ಲಿ ಪೂಜೆ, ಹಗಲಿನಲ್ಲಿ ಭಿಕ್ಷಾಟನೆ: ಹೀಗೆ ಎರಡು ವರ್ಷಗಳು ಸಾಗಿದವು.

1689ರ ಕ್ರಿಸ್ತಜಯಂತಿಯ ರಾತ್ರಿ, ನಡುರಾತ್ರಿಯ ಪೂಜೆಗೆಂದು ಜಾಫ್ನಾದ ಮನೆಗಳಲ್ಲಿ ಜನರು ನೆರೆದಿದ್ದಾಗ ಡಚ್ ಸಿಪಾಯಿಗಳು ನುಗ್ಗಿದರು. ಗಂಡಸರು, ಹೆಂಗಸರು, ಮಕ್ಕಳು ನೂರುಗಟ್ಟಲೆಯಾಗಿ ಸೆರೆಸಿಕ್ಕರು. ಮುಂದಾಳುಗಳೆಂದು ಗುರುತಿಸಲ್ಪಟ್ಟವರಿಗೆ ಛಡಿಯೇಟಿನ ಶಿಕ್ಷೆಯಾಗಿ, ದೋಂ ಪೇದ್ರೋ ಎಂಬಾತನು ಆ ಏಟುಗಳಿಂದಲೇ ಪ್ರಾಣಬಿಟ್ಟನು. ಯಾರನ್ನು ಹಿಡಿಯಲೆಂದು ಈ ದಾಳಿಯಾಯಿತೋ ಆ ಪಾದ್ರಿ ಮಾತ್ರ ಕೈಗೆ ಸಿಕ್ಕಲಿಲ್ಲ.

ಈ ದಾಳಿಗೆ ಅಪ್ಪಣೆ ಕೊಟ್ಟವನು ಡಚ್ಚರ ಹಿರಿಯ ಅಧಿಕಾರಿ ಹೆಂಡ್ರಿಕ್ ವಾನ್ ರೀಡೆ. ಕೇರಳದ ಸಸ್ಯಸಂಪತ್ತನ್ನು ಹನ್ನೆರಡು ಸಂಪುಟಗಳಲ್ಲಿ ನಿರೂಪಿಸುವ ‘ಹೋರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥವನ್ನು ಮಾಡಿಸಿದಾತನೂ ಇವನೇ. ಆ ಗ್ರಂಥಕ್ಕೆ ಕೊಚ್ಚಿಯ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಮೂವರು ಕೊಂಕಣಿ ವೈದ್ಯರು ನೆರವಾದರು; ಅವರ ಕೊಂಕಣಿ ಒಕ್ಕಣೆಯನ್ನು 1678ರ ಮೊದಲನೆಯ ಸಂಪುಟದಲ್ಲಿ ನಾಗರಿ ಲಿಪಿಯಲ್ಲಿಯೇ ಅಚ್ಚುಹಾಕಿಸುವಷ್ಟು ಗೌರವವನ್ನು ಇವನು ಅವರಿಗೆ ತೋರಿಸಿದನು. ಅನ್ಯಮತದ ಪಂಡಿತರನ್ನು ಮನ್ನಿಸಬಲ್ಲವನು, ಅದೇ ಭಾಷೆಯನ್ನಾಡುವ, ತನ್ನದೇ ಕ್ರಿಸ್ತನನ್ನು ಬೇರೊಂದು ವಿಧಿಯಿಂದ ಪೂಜಿಸುವ ಪಾದ್ರಿಯನ್ನು ಸಹಿಸಲಾರದೆ ಹೋದನು. ದೂರದವರ ಭೇದಕ್ಕಿಂತಲೂ ಹತ್ತಿರದವರ ಭೇದವೇ ಮನುಷ್ಯನಿಗೆ ಹೆಚ್ಚು ದುಸ್ಸಹವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಾಗಿಲ್ಲ.

ಬೌದ್ಧ ಅರಸನ ಸೆರೆಮನೆಯಲ್ಲಿ

ಡಚ್ಚರ ಕೈಗೆಟುಕದ ನೆಲವೆಂದರೆ ಮಲೆನಾಡಿನ ಕ್ಯಾಂಡಿಯ ರಾಜ್ಯ. ವಾಜರು 1690ರಲ್ಲಿ ಆ ರಾಜ್ಯಕ್ಕೆ ಸೇರಿದ ಪುತ್ತಲಂಗೆ ಸರಿದು, 1692ರಲ್ಲಿ ರಾಜಧಾನಿಯತ್ತ ಹೊರಟರು. ಆಸ್ಥಾನದಲ್ಲಿದ್ದ ಲಾನೆರೋಲ್ ಎಂಬ ಫ್ರೆಂಚ್ ಪ್ರಾಟೆಸ್ಟಂಟನು ಇವರನ್ನು ಪೋರ್ಚುಗೀಸರ ಗೂಢಚಾರನೆಂದು ದೂರಿದುದರಿಂದ, ಕ್ಯಾಂಡಿಯಲ್ಲಿ ಅವರಿಗೆ ದೊರೆತ ಮೊದಲ ಬಿಡಾರ ಸೆರೆಮನೆಯಾಯಿತು. ಸೆರೆಯಲ್ಲಿಯೇ ಅವರು ಸಿಂಹಳ ಭಾಷೆಯನ್ನು ಕಲಿಯತೊಡಗಿದರು. ಕಾವಲು ಸಡಿಲವಾದಂತೆ ಆ ಆವರಣದಲ್ಲಿಯೇ ಗುಡಿಸಲೊಂದನ್ನು ಹಾಕಿ ಪೂಜಾವೇದಿಯನ್ನು ಅಣಿಗೊಳಿಸಿದರು; ಆ ವರ್ಷದ ಕ್ರಿಸ್ತಜಯಂತಿಯ ಬಲಿಪೂಜೆ ಆ ಗುಡಿಸಲಿನಲ್ಲಿ ನಡೆಯಿತೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಜಾಫ್ನಾದಲ್ಲಿ ಕ್ರೈಸ್ತ ಪ್ರಭುಗಳು ಹಬ್ಬದ ಮನೆಗೆ ಸಿಪಾಯಿಗಳನ್ನು ಕಳುಹಿದ್ದರು. ಕ್ಯಾಂಡಿಯಲ್ಲಿ ಬೌದ್ಧ ಅರಸನ ಕಾವಲುಗಾರರು ಕೈದಿಯ ಹಬ್ಬವನ್ನು ಕಂಡೂ ಕಾಣದಂತೆ ಇದ್ದರು.

ಅರಸನಾದ ಎರಡನೆಯ ವಿಮಲಧರ್ಮಸೂರಿಯನು ಧರ್ಮದಲ್ಲಿ ಉದಾಸೀನನೇನಲ್ಲ. ದಂತಧಾತುವಿಗೆ ಮೂರು ಅಂತಸ್ತಿನ ದೇಗುಲವನ್ನು ಕಟ್ಟಿಸಿದವನು, ಅರಕಾನಿನಿಂದ ಭಿಕ್ಷುಗಳನ್ನು ಕರೆಸಿ ಸಿಂಹಳದಲ್ಲಿ ಕ್ಷೀಣಿಸಿದ್ದ ಉಪಸಂಪದಾ ದೀಕ್ಷೆಗೆ ಮರುಜೀವ ತಂದವನು. ತನ್ನ ಧರ್ಮದಲ್ಲಿ ಇಷ್ಟು ದೃಢನಾಗಿದ್ದವನು, ವಾಜರು ನಿರಪಾಯಕಾರಿಗಳೆಂದು ಮನವರಿಕೆಯಾದ ಮೇಲೆ, ಅವರನ್ನು ತನ್ನ ರಾಜ್ಯದಲ್ಲಿ ಸ್ವೇಚ್ಛೆಯಾಗಿ ಸಂಚರಿಸಗೊಟ್ಟನು. ಬರಗಾಲವೊಂದರಲ್ಲಿ ವಾಜರು ಪ್ರಾರ್ಥಿಸಲಾಗಿ ಮಳೆ ಬಂದಿತೆಂದೂ ಅದರಿಂದ ಅರಸನ ಮನ ಒಲಿಯಿತೆಂದೂ ಕ್ಯಾಥೊಲಿಕ್ ಸಂಪ್ರದಾಯವು ಹೇಳುತ್ತದೆ. ಮಳೆಯ ಕಥೆಯನ್ನು ನಂಬದವರೂ ಅಲ್ಲಗಳೆಯಲಾರದ ಸಂಗತಿಯೊಂದುಂಟು: 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ರೋಗಿಗಳನ್ನು ಬಂಧುಗಳೇ ತೊರೆದು ಕಾಡಿಗೆ ಅಟ್ಟುತ್ತಿದ್ದಾಗ, ಈ ಪರದೇಶಿಯು ಗೋವೆಯಿಂದ ಬಂದ ಸಹಚರರೊಡನೆ ಅವರಿಗೆ ಗುಡಿಸಲು ಕಟ್ಟಿ, ಗಂಜಿ ಕಾಸಿ, ಮೈತೊಳೆದು, ಸತ್ತವರನ್ನು ಮಣ್ಣುಮಾಡಿದರು. ಎಡೆ ಕೊಟ್ಟ ನೆಲಕ್ಕೆ ಅತಿಥಿಯು ಸಲ್ಲಿಸಬಹುದಾದ ಪ್ರತಿಫಲವು ಇದಕ್ಕಿಂತ ಹೆಚ್ಚಿನದಿಲ್ಲ. 1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿಯೇ ತೀರಿಕೊಂಡರು. ಸಿಂಹಳಕ್ಕೆ ಹೋದ ಮೇಲೆ ಗೋವೆಯ ಮುಖವನ್ನು ಮತ್ತೆ ನೋಡಲಿಲ್ಲ.

ಅವರು ಬದುಕಿದ್ದಾಗಲೇ, 1705ರಲ್ಲಿ, ಗೋವೆಯ ದಿವಾಡಿ ದ್ವೀಪದ ಜಾಕೋಮೆ ಗೊನ್ಸಾಲ್ವಿಸರು ಬಂದರು. ಕೊಂಕಣಿಯಲ್ಲಿ ಹುಟ್ಟಿ ಬೆಳೆದ ಇವರು ಸಿಂಹಳವನ್ನು ಎಷ್ಟು ಆಳವಾಗಿ ಅಭ್ಯಾಸ ಮಾಡಿದರೆಂದರೆ, ಸಿಂಹಳದ ಕ್ಯಾಥೊಲಿಕ್ ಸಾಹಿತ್ಯಕ್ಕೆ ಇವರೇ ಜನಕರೆನಿಸಿದರು. ಮುಂದಿನ ತಲೆಮಾರಿನ ಕ್ರೈಸ್ತರು ತಮ್ಮದೇ ಮಾತಿನಲ್ಲಿ ಹಬ್ಬವನ್ನು ಹಾಡಿಕೊಳ್ಳುವಂತಾದುದು ಇಂಥವರ ದುಡಿಮೆಯಿಂದ.

ಗಾಳಿಮರ, ಕುಸ್ವಾರು, ಅಂಚೆ

ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಅನುಭವವು ತಿರುಗುಮುರುಗಾಗಿ ಕನ್ನಡನಾಡಿಗೆ ಬಂದಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಹಿಮದ ನಾಡಿನ ಕ್ರಿಸ್‌ಮಸ್ಸನ್ನು ನೆನಪಿನಲ್ಲಿ ಹೊತ್ತು ತಂದ ಜರ್ಮನರು, ಸ್ವಿಸ್ಸರು. ಅವರ ಕಷ್ಟ ಬೇರೆಯ ಬಗೆಯದು. ಆಳುವ ಇಂಗ್ಲಿಷರು ಕ್ರೈಸ್ತರೇ ಆಗಿದ್ದುದರಿಂದ ಭಯವಿರಲಿಲ್ಲ, ಆದರೆ ಅಗಲಿಕೆಯಿತ್ತು: ಮಕ್ಕಳು ಓದುವ ವಯಸ್ಸಿಗೆ ಬಂದೊಡನೆ ಅವರನ್ನು ಯೂರೋಪಿಗೆ ಕಳುಹಿಸುವುದು ಆ ಮಿಶನ್ನಿನ ಪದ್ಧತಿ. ತಾಯಿತಂದೆಗಳು ಮಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ, ಮಕ್ಕಳು ಬಾಸೆಲಿನಲ್ಲಿ. ನಡುವೆ ತಿಂಗಳುಗಟ್ಟಲೆ ತಡವಾಗುವ ಅಂಚೆ. ಮಕ್ಕಳ ಹಬ್ಬವೆನಿಸಿದ ಕ್ರಿಸ್‌ಮಸ್ಸನ್ನು ತಮ್ಮ ಮಕ್ಕಳಿಲ್ಲದೆ, ಮಿಶನ್ ಶಾಲೆಯ ಅನ್ಯರ ಮಕ್ಕಳೊಡನೆ ಆಚರಿಸಬೇಕಾಗಿ ಬಂದ ಆ ದಂಪತಿಗಳ ಮನಸ್ಸನ್ನು ಯೋಚಿಸಿದರೆ, ಅವರು ಈ ನೆಲದ ಭಾಷೆಗೆ ಅಷ್ಟೊಂದು ಒಲಿದುಕೊಂಡುದರ ಮರ್ಮವು ಸ್ವಲ್ಪಮಟ್ಟಿಗೆ ಹೊಳೆಯುತ್ತದೆ. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲರು ಕ್ರಿಸ್ತನ ಚರಿತೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಿಂದ ಕನ್ನಡದ ಪದ್ಯಕ್ಕೆ ಇಳಿಸಿದರು, 1894ರ ಅವರ ನಿಘಂಟಿನ ಋಣವನ್ನಂತೂ ಕನ್ನಡಿಗರು ತೀರಿಸಲಾರರು. ಪೀತದಾರು ಬೆಳೆಯದ ಕರಾವಳಿಯಲ್ಲಿ ಗಾಳಿಮರದ ರೆಂಬೆಯೇ ಕ್ರಿಸ್‌ಮಸ್ ಮರವಾಯಿತು. ಮರಳುದಂಡೆಯ ಆ ಮರವೇ ಇಂದಿಗೂ ಅನೇಕ ಮನೆಗಳಲ್ಲಿ ನಕ್ಷತ್ರದೀಪವನ್ನು ಹೊರುತ್ತದೆ.

ಅಡುಗೆಮನೆಯಲ್ಲಿ ಈ ಕೊಡುಕೊಳೆಯು ಇನ್ನೂ ಸ್ಪಷ್ಟ. ಹಬ್ಬಕ್ಕೆ ವಾರವಿರುವಾಗಲೇ ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರಿನ ತಯಾರಿ ತೊಡಗುತ್ತದೆ: ಕಾಯಿ, ಬೆಲ್ಲ, ಎಳ್ಳುಗಳನ್ನು ತುಂಬಿದ ನೆವ್ರಿ, ಮುಳ್ಳುಚಮಚದ ಬೆನ್ನಿನ ಮೇಲೋ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಮಾಡಿದ ಕಿಡ್ಯೊ, ಕಾಯಿಹಾಲಿನಲ್ಲಿ ಬೆಲ್ಲವನ್ನು ಗಂಟೆಗಟ್ಟಲೆ ಕೈಬಿಡದೆ ಮಗುಚಿದ ದೋದೊಲ್, ಹೂವಿನಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಬಿಡಿಸಿದ ಗುಲಾಬಿ ಕಜ್ಜಾಯ. ನೆವ್ರಿಯು ನೆರೆಮನೆಯ ಕರ್ಜಿಕಾಯಿಗೆ ಒಡಹುಟ್ಟು. ದೀಪಾವಳಿಯಲ್ಲಿ ಆಚೆಯಿಂದ ಬಂದ ತಟ್ಟೆಗೆ ಡಿಸೆಂಬರಿನಲ್ಲಿ ಈಚೆಯಿಂದ ಉತ್ತರ ಹೋಗುತ್ತದೆ. ವಾಜರು ಸೇರಿದ ಸಿಂಹಳದಲ್ಲಿಯೂ ದೋದೊಲ್ ಉಂಟು, ಆ ಹೂವಿನಚ್ಚಿನ ಕಜ್ಜಾಯವೂ ಉಂಟು. ಆದರೆ ಅಲ್ಲಿ ಈ ಕಜ್ಜಾಯವು ಏಪ್ರಿಲಿನ ಹೊಸ ವರ್ಷದ ಹಬ್ಬದಲ್ಲಿ ಬೌದ್ಧರ ಎಲೆಯನ್ನೂ ಅಲಂಕರಿಸುತ್ತದೆ. ಹೊರಗಿನಿಂದ ಬಂದ ತಿನಿಸಿಗೆ ಒಳಗಿನವರು ತಮ್ಮ ಹಬ್ಬದಲ್ಲಿಯೇ ಸ್ಥಾನ ಕೊಟ್ಟಿದ್ದಾರೆ.

ಉಳಿದ ಅರ್ಧ

2015ರ ಜನವರಿ 14ರಂದು ಕೊಲಂಬೊದ ಸಮುದ್ರತೀರದ ಮೈದಾನದಲ್ಲಿ, ಪೋಪ್ ಫ್ರಾನ್ಸಿಸರು ಜೋಸೆಫ್ ವಾಜರನ್ನು ಸಂತರೆಂದು ಸಾರಿದರು. ಧರ್ಮಭೇದಗಳನ್ನು ಮೀರಿ ಎಲ್ಲರಿಗೂ ಸೇವೆ ಸಲ್ಲಿಸಿದುದನ್ನು ಅವರ ಗುಣಗಳಲ್ಲೊಂದೆಂದು ಪೋಪರು ಎತ್ತಿ ಹೇಳಿದುದು ಉಚಿತವೇ. ಆದರೆ ಸಂತಪದವಿಯು ಅತಿಥಿಗೆ ಸಲ್ಲುವ ಗೌರವ. ಆತಿಥೇಯರ ಲೆಕ್ಕವನ್ನು ಬರೆದಿಡುವವರು ಕಡಿಮೆ. ಧರ್ಮಪ್ರಚಾರಕರ ಪತ್ರಗಳು, ವರದಿಗಳು ರೋಮಿನಲ್ಲಿ, ಲಿಸ್ಬನ್ನಿನಲ್ಲಿ, ಬಾಸೆಲಿನಲ್ಲಿ ಜೋಪಾನವಾಗಿವೆ. ಅನ್ನವಿಟ್ಟ ಜಾಫ್ನಾದ ಹೆಂಗಸಿನ ಹೆಸರಾಗಲಿ, ಕಣ್ಣುಮುಚ್ಚಿಕೊಂಡ ಕ್ಯಾಂಡಿಯ ಕಾವಲುಗಾರನ ಹೆಸರಾಗಲಿ ಯಾವ ಕಡತದಲ್ಲಿಯೂ ದೊರೆಯುವುದಿಲ್ಲ.

ಇಂದು ಭಟ್ಕಳ, ಹೊನ್ನಾವರ, ಕುಮಟೆಗಳಿಂದ ದುಡಿಮೆಗಾಗಿ ಕೊಲ್ಲಿಯ ನಾಡುಗಳಿಗೆ ಹೋದವರಲ್ಲಿ ಎಲ್ಲ ಮತದವರೂ ಇದ್ದಾರೆ. ಭಟ್ಕಳದ ನವಾಯತನು ತನ್ನ ಈದನ್ನು, ಹೊನ್ನಾವರದ ಕ್ರೈಸ್ತನು ತನ್ನ ಕ್ರಿಸ್‌ಮಸ್ಸನ್ನು, ಕುಮಟೆಯ ಹಿಂದೂ ತನ್ನ ಚೌತಿಯನ್ನು ಪರರ ನೆಲದಲ್ಲಿ, ಪರರು ಬಿಟ್ಟುಕೊಟ್ಟಷ್ಟು ಎಡೆಯಲ್ಲಿ ಆಚರಿಸುತ್ತಾನೆ. ಆಗ ಅವನಿಗೆ ಎಡೆಯ ಬೆಲೆ ತಿಳಿಯುತ್ತದೆ. ಹಾಗೆ ತಿಳಿದವನು ಊರಿಗೆ ಮರಳಿದಾಗ ನೆರೆಯವನ ಹಬ್ಬಕ್ಕೆ ಎಷ್ಟು ಎಡೆ ಬಿಡುತ್ತಾನೆಂಬುದೇ ಅವನ ಪ್ರವಾಸದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಕೆಳದಿಯ ಚೆನ್ನಮ್ಮಾಜಿಯ ನಾಡು 1678ರಲ್ಲಿಯೇ ತೇರ್ಗಡೆಯಾಗಿದ್ದಿತು; ಆಕೆಯ ಕರಾವಳಿಯ ವಾರಸುದಾರರಾದ ನಾವು ಅದನ್ನು ವರ್ಷವರ್ಷವೂ ಬರೆಯಬೇಕಾಗಿದೆ.